ಐದರಿಂದ ಮೂರಕ್ಕೆ

ಹೋದ ಸಂಚಿಕೆಯಲ್ಲಿ ನನ್ನ ಬೇಸ್‌ಬಾಲ್ ಸ್ಕೋರು ಪುಸ್ತಕಗಳ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ. ಮೊದಲ ಸಲ ಓದುತ್ತಿರುವವರಿಗೆ ಹೇಳಬೇಕಾದದ್ದು ಇಷ್ಟು: ನನ್ನ ಊರು ಹಾಸನ. 1999ರಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತಳಾದೆ. ಓಕ್ಲೆಂಡ್ ಅಥ್ಲೆಟಿಕ್ಸ್ ನನ್ನ ತಂಡ.

ಪ್ರಶ್ನೆ: ನಮಗೆ ಗೊತ್ತಿರುವುದು ಕ್ರಿಕೆಟ್. ಅಲ್ಲೂ ಸರಾಸರಿ ನೋಡಿಯೇ ಆಟಗಾರರನ್ನು ಆರಿಸುತ್ತಾರೆ. ಬೇಸ್‌ಬಾಲ್‌ನವರು ಅಂಕಿ ಅಂಶ ನೋಡಿ ತಂಡ ಕಟ್ಟಿದರೆ ಅದರಲ್ಲಿ ಹೊಸದೇನು?
— ಓದುಗರೊಬ್ಬರು, ಶಿವಮೊಗ್ಗ

ಯಾವ ಅಂಕಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದರಲ್ಲಿ ಹೊಸತಿತ್ತು. ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ 31,258 ಎಸೆತ ಎದುರಿಸಿದರು. ಆಫ್ ಸ್ಟಂಪಿನ ಆಚೆ ಬಿಟ್ಟುಕೊಟ್ಟ ಚೆಂಡಿಗೆ ಸ್ಕೋರ್‌ಬೋರ್ಡಿನಲ್ಲಿ ಒಂದು ರನ್ನೂ ಸಿಗುವುದಿಲ್ಲ, ಆದರೆ ಬೌಲರ್ ದಣಿಯುವುದು ಅದರಿಂದಲೇ. ಬೇಸ್‌ಬಾಲ್‌ನಲ್ಲಿ ಹಾಗೆ ಕೆಟ್ಟ ಎಸೆತ ಬಿಟ್ಟವನಿಗೆ ನೇರವಾಗಿಯೇ ಫಲ ಉಂಟು. ನಾಲ್ಕು ಕೆಟ್ಟ ಎಸೆತ ಬಿಟ್ಟರೆ ಬ್ಯಾಟರ್ ಒಂದನೇ ಬೇಸಿಗೆ, ಅಂದರೆ ರನ್ನಿಗಾಗಿ ಸುತ್ತಿ ಬರಬೇಕಾದ ಗುರುತುಗಳಲ್ಲಿ ಮೊದಲನೆಯದಕ್ಕೆ, ನಡೆದುಕೊಂಡು ಹೋಗಬಹುದು, ಇದನ್ನು ವಾಕ್ ಅನ್ನುತ್ತಾರೆ. ಹಳೆಯ ಬ್ಯಾಟಿಂಗ್ ಸರಾಸರಿಯಲ್ಲಿ ಈ ವಾಕ್ ಲೆಕ್ಕಕ್ಕೇ ಇಲ್ಲ. ಔಟಾಗದೆ ಎಷ್ಟು ಸಲ ಬೇಸ್ ಮುಟ್ಟಿದ ಎಂದು ಓಕ್ಲೆಂಡಿನವರು ನೋಡಿದರು. ಈ ಗುಣಕ್ಕೆ ಮಾರುಕಟ್ಟೆಯಲ್ಲಿ ಆಗ ಬೆಲೆ ಕಡಿಮೆಯಿತ್ತು.

2001 ಮುಗಿದಾಗ ನಮ್ಮಲ್ಲಿ ಒಂದನೇ ಬೇಸ್ ಕಾಯುತ್ತಿದ್ದ ಜೇಸನ್ ಜಿಯಾಂಬಿ ಏಳು ವರ್ಷಕ್ಕೆ 12 ಕೋಟಿ ಡಾಲರಿಗೆ ನ್ಯೂಯಾರ್ಕ್ ಯಾಂಕೀಸ್ ಸೇರಿದರು. ನಮ್ಮ ಇಡೀ ತಂಡದ ವಾರ್ಷಿಕ ಸಂಬಳವೇ ಸುಮಾರು 4 ಕೋಟಿ ಡಾಲರು. ಜಿಯಾಂಬಿ ಬಿಟ್ಟುಹೋದ ಜಾಗಕ್ಕೆ ಓಕ್ಲೆಂಡ್ ತಂದವರಲ್ಲಿ ಸ್ಕಾಟ್ ಹ್ಯಾಟೆಬರ್ಗ್ ಒಬ್ಬರು. ಕ್ಯಾಚರ್ (ವಿಕೆಟ್ ಕೀಪರಿನ ಹಾಗೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಆಗಿದ್ದವರು, ಮೊಣಕೈ ನರ ಕೆಟ್ಟು ಚೆಂಡು ಎಸೆಯುವುದು ಕಷ್ಟವಾಗಿತ್ತು. ಆದರೆ ನೂರು ಸಲ ಬ್ಯಾಟ್ ಹಿಡಿದರೆ ಮೂವತ್ತೇಳು ಸಲ ಬೇಸ್ ಮುಟ್ಟುವವರು. 2002ರ ಸೆಪ್ಟೆಂಬರ್ 4ರಂದು ನಾನು ಕೊಲಿಸಿಯಮ್ ಮೈದಾನದ ಮೇಲಂತಸ್ತಿನಲ್ಲಿ ಕೂತಿದ್ದೆ. ಕಾನ್ಸಾಸ್ ಸಿಟಿ ಎದುರು ನಾವು 11-0 ಮುಂದಿದ್ದೆವು, ಅದು ಕರಗಿ 11-11 ಆಯಿತು. ಒಂಬತ್ತನೇ ಇನಿಂಗ್ಸಿನಲ್ಲಿ (ಇಲ್ಲಿ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿಯೊಂದರಲ್ಲೂ ತಂಡಕ್ಕೆ ಮೂರು ಔಟ್) ಬದಲಿ ಬ್ಯಾಟರಾಗಿ ಬಂದ ಹ್ಯಾಟೆಬರ್ಗ್ ಹೊಡೆದ ಚೆಂಡು ಬಲಗಡೆಯ ಬೇಲಿ ದಾಟಿತು. ಸಾಲಾಗಿ ಇಪ್ಪತ್ತನೇ ಗೆಲುವು. ನನ್ನ ಪುಸ್ತಕದಲ್ಲಿ ಆ ಚೌಕದಲ್ಲಿ ಪೆನ್ಸಿಲ್ ಒತ್ತಿ ಕಾಗದ ಹರಿದಿದೆ.

ಒಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ಆ ವರ್ಷದ 103 ಗೆಲುವುಗಳನ್ನು ಬರಿಯ ಲೆಕ್ಕದ ಜಾಣತನಕ್ಕೆ ಜಮಾ ಮಾಡುವವರು ಟಿಮ್ ಹಡ್ಸನ್, ಮಾರ್ಕ್ ಮಲ್ಡರ್, ಬ್ಯಾರಿ ಝಿಟೊ ಎಂಬ ಮೂವರು ಪಿಚರ್‌ಗಳನ್ನೂ (ಚೆಂಡು ಎಸೆಯುವವರು), ಆ ಸಾಲಿನ ಲೀಗಿನ ಶ್ರೇಷ್ಠ ಆಟಗಾರ ಮಿಗೆಲ್ ತೆಹಾಡಾ ಅವರನ್ನೂ ಮರೆತಿರುತ್ತಾರೆ. ಇವರು ಯಾರೂ ಅಗ್ಗದ ಮೂಲೆಯಲ್ಲಿ ಸಿಕ್ಕವರಲ್ಲ. ಓಕ್ಲೆಂಡೇ ಚಿಕ್ಕಂದಿನಿಂದ ಗುರುತಿಸಿ ಬೆಳೆಸಿದವರು.

ಪ್ರಶ್ನೆ: ನಾನು ಡೇಟಾ ಕೆಲಸದಲ್ಲಿದ್ದೇನೆ. 2020ರ ವರ್ಲ್ಡ್ ಸೀರೀಸ್‌ ಎಂಬ ಅಂತಿಮ ಸರಣಿಯಲ್ಲಿ ಟ್ಯಾಂಪಾ ಬೇ ತಂಡ ಚೆನ್ನಾಗಿ ಎಸೆಯುತ್ತಿದ್ದ ಬ್ಲೇಕ್ ಸ್ನೆಲ್ ಅವರನ್ನು ತೆಗೆದದ್ದು ಡೇಟಾದ ಸೋಲು ಎಂದು ಎಲ್ಲರೂ ಬರೆದರು. ಫಲಿತಾಂಶ ನೋಡಿ ನಿರ್ಧಾರ ಅಳೆಯುವುದು ಸರಿಯೇ?
— ಓದುಗರೊಬ್ಬರು, ಬೆಂಗಳೂರು

ಸರಿಯಲ್ಲ. ಆದರೂ ಆ ನಿರ್ಧಾರ ತಪ್ಪೆಂದೇ ನನ್ನ ವಾದ, ಮತ್ತು ಫಲಿತಾಂಶ ಮುಚ್ಚಿಟ್ಟುಕೊಂಡೇ ವಾದಿಸುತ್ತೇನೆ.

ಟ್ಯಾಂಪಾ ನನಗೆ ಪರಕೀಯ ತಂಡವಲ್ಲ. ಬಡ ತಂಡ, ನಮ್ಮ ಹಾಗೇ ಲೆಕ್ಕದಿಂದ ಬದುಕಿದ ತಂಡ. 2019ರ ವೈಲ್ಡ್ ಕಾರ್ಡ್ ಪಂದ್ಯದಲ್ಲಿ (ಸೋತವರು ಹೊರಬೀಳುವ ಪಂದ್ಯ) ನಮ್ಮ ಮೈದಾನಕ್ಕೇ ಬಂದು 5-1ರಲ್ಲಿ ನಮ್ಮನ್ನು ಸೋಲಿಸಿ ಹೋದರು, ಆಗಲೂ ಅವರ ಮೇಲೆ ನನಗೆ ಗೌರವವೇ ಹೆಚ್ಚಾಯಿತು. 2020ರ ಅಕ್ಟೋಬರ್ 27ರ ರಾತ್ರಿ, ಆರನೇ ಪಂದ್ಯ, ಮನೆಯ ಊಟದ ಮೇಜಿನ ಮೇಲೆ ಸ್ಕೋರು ಪುಸ್ತಕ ಹರಡಿಕೊಂಡು ಟಿವಿ ನೋಡುತ್ತಿದ್ದೆ. ಟ್ಯಾಂಪಾ 1-0 ಮುಂದಿತ್ತು. ಸ್ನೆಲ್ ಎಸೆದದ್ದು 73 ಎಸೆತ, ಬಿಟ್ಟುಕೊಟ್ಟದ್ದು ಎರಡೇ ಹಿಟ್ (ಬೇಸ್ ಗಳಿಸಿಕೊಟ್ಟ ಹೊಡೆತ), ಒಂದೂ ವಾಕ್ ಇಲ್ಲ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟಾಗುವುದು) ಒಂಬತ್ತು. ಎದುರಾಳಿ ತಂಡ ಡಾಜರ್ಸ್‌ನ ಮೊದಲ ಮೂವರು ಬ್ಯಾಟರ್‌ಗಳಾದ ಮೂಕಿ ಬೆಟ್ಸ್, ಕೋರಿ ಸೀಗರ್, ಜಸ್ಟಿನ್ ಟರ್ನರ್ ತಲಾ ಎರಡು ಸಲ ಬಂದು ಎರಡು ಸಲವೂ ಸ್ಟ್ರೈಕ್‌ಔಟ್ ಆಗಿದ್ದರು. ಆರನೇ ಇನಿಂಗ್ಸಿನಲ್ಲಿ, ಒಬ್ಬ ಔಟಾದ ಮೇಲೆ, ಆಸ್ಟಿನ್ ಬಾರ್ನ್ಸ್ ಒಂದು ಸಿಂಗಲ್ ಹೊಡೆದು ಒಂದನೇ ಬೇಸ್ ಸೇರಿದರು. ಸ್ನೆಲ್ ಅವರನ್ನು ತೆಗೆಯಲು ಟ್ಯಾಂಪಾ ಮ್ಯಾನೇಜರ್ ಕೆವಿನ್ ಕ್ಯಾಶ್ ಮೆಟ್ಟಿಲು ಹತ್ತಿ ಹೊರಬಂದರು.

ಅವರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳುತ್ತೇನೆ. ಒಬ್ಬ ಪಿಚರ್‌ನನ್ನು ಮೂರನೇ ಸಲ ಎದುರಿಸುವ ಹೊತ್ತಿಗೆ ಬ್ಯಾಟರ್‌ಗಳಿಗೆ ಅವನ ಎಸೆತ ರೂಢಿಯಾಗಿರುತ್ತದೆ, ಹೊಡೆತ ಹೆಚ್ಚುತ್ತದೆ. ಇದು ವರ್ಷಗಟ್ಟಲೆಯ ಪಂದ್ಯಗಳಲ್ಲಿ ಕಂಡುಬಂದ ಸಂಗತಿ. ಆ ವರ್ಷ ಸ್ನೆಲ್ ಒಂದು ಪಂದ್ಯದಲ್ಲೂ ಆರು ಇನಿಂಗ್ಸ್ ಮುಗಿಸಿರಲಿಲ್ಲ. ಟ್ಯಾಂಪಾ ಇಡೀ ಸೀಸನ್ ಇದೇ ನಿಯಮ ಪಾಲಿಸಿ 60ರಲ್ಲಿ 40 ಪಂದ್ಯ ಗೆದ್ದಿತ್ತು. ಹತ್ತು ದಿನ ಹಿಂದೆ ಹಿಂದಿನ ಸುತ್ತಿನಲ್ಲಿ ಹ್ಯೂಸ್ಟನ್ ಎದುರಿನ ಏಳನೇ ಪಂದ್ಯದಲ್ಲಿ ಇನ್ನೊಬ್ಬ ಪಿಚರ್ ಚಾರ್ಲಿ ಮಾರ್ಟನ್ ಒಂದೂ ರನ್ ಕೊಡದೆ 66 ಎಸೆತ ಎಸೆದಿದ್ದಾಗಲೂ ಕ್ಯಾಶ್ ಅವರನ್ನು ತೆಗೆದಿದ್ದರು. ಗೆದ್ದರು. ಆಗ ಯಾರೂ ತಕರಾರು ಎತ್ತಲಿಲ್ಲ.

ಹಾಗಾದರೆ ನನ್ನ ತಕರಾರು ಏನು? ಲೆಕ್ಕಪತ್ರದವಳಾಗಿ ಹೇಳುತ್ತೇನೆ: ಖರ್ಚಿನ ಪುಟ ನೋಡಿದರು, ಎದುರಿನ ಪುಟ ನೋಡಲಿಲ್ಲ. ಸ್ನೆಲ್ ಉಳಿದರೆ ಏನಾಗಬಹುದು ಎಂಬುದು ಅರ್ಧ ಪ್ರಶ್ನೆ. ಸ್ನೆಲ್ ಬದಲು ಬರುವವನು ಯಾರು ಎಂಬುದು ಉಳಿದರ್ಧ. ಬಂದವರು ನಿಕ್ ಆಂಡರ್ಸನ್. ಸೀಸನ್ ಪೂರ್ತಿ ಅದ್ಭುತವಾಗಿ ಎಸೆದಿದ್ದರು, ಆದರೆ ಅದಕ್ಕೆ ಹಿಂದಿನ ಆರು ಸಲ ಮೈದಾನಕ್ಕಿಳಿದಾಗಲೂ ರನ್ ಕೊಟ್ಟಿದ್ದರು. ದಣಿದಿದ್ದರು, ಅದು ಯಾರಿಗಾದರೂ ಕಾಣುತ್ತಿತ್ತು. ಮುಂದೆ ಬರಬೇಕಿದ್ದ ಬೆಟ್ಸ್ ಬಲಗೈ ಬ್ಯಾಟರ್. ಆ ವರ್ಷ ಎಡಗೈ ಪಿಚರ್‌ಗಳ ಎದುರು ಅವರ ಸರಾಸರಿ ಸೊರಗಿತ್ತು, ಸ್ನೆಲ್ ಎಡಗೈಯವರು, ಆಂಡರ್ಸನ್ ಬಲಗೈಯವರು. ಇವೂ ಅಂಕಿಗಳೇ ಅಲ್ಲವೇ? ಮನಸ್ಸಿಗೂ ಅಂಕಿಗೂ ಜಗಳ ಎಂದು ಪತ್ರಿಕೆಗಳು ಬರೆದವು. ನನ್ನ ಪುಸ್ತಕದಲ್ಲಿ ಕಾಣುವುದು ಅಂಕಿಗೂ ಅಂಕಿಗೂ ನಡೆದ ಜಗಳ, ಅದರಲ್ಲಿ ಸಾವಿರ ಪಂದ್ಯಗಳ ಅಂಕಿ ಅಂದಿನ ರಾತ್ರಿಯ ಅಂಕಿಯನ್ನು ಮಾತಾಡಲು ಬಿಡಲಿಲ್ಲ.

ಆಮೇಲಿನದು ನಿಮಗೆ ಗೊತ್ತು. ಬೆಟ್ಸ್ ಡಬಲ್ ಹೊಡೆದು ಎರಡನೇ ಬೇಸ್ ಸೇರಿದರು, ಆಂಡರ್ಸನ್ ಎಸೆದ ಒಂದು ಚೆಂಡು ಕ್ಯಾಚರ್ ಕೈ ತಪ್ಪಿ ಒಂದು ರನ್, ಸೀಗರ್ ನೆಲಕ್ಕೆ ಹೊಡೆದ ಚೆಂಡಿಗೆ ಇನ್ನೊಂದು. ಕೊನೆಗೆ 3-1. ಚಾಂಪಿಯನ್‌ಷಿಪ್ ಡಾಜರ್ಸ್‌ಗೆ ಹೋಯಿತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರಶ್ನೆ: ಒಂದು ತಂಡದಲ್ಲಿ ಎಷ್ಟು ಮಂದಿ? ಆಟಗಾರರನ್ನು ಮೇಲೆ ಕೆಳಗೆ ಕಳಿಸುತ್ತಾರೆ ಅಂದರೆ ಏನು?
— ಕಾಲೇಜು ವಿದ್ಯಾರ್ಥಿ, ಮೈಸೂರು

ಸಕ್ರಿಯ ಪಟ್ಟಿಯಲ್ಲಿ 26 ಮಂದಿ. ಅದರಲ್ಲಿ ಪಿಚರ್‌ಗಳು 13 ಮೀರುವಂತಿಲ್ಲ. ಸೆಪ್ಟೆಂಬರಿನಲ್ಲಿ 28. ಇದರ ಹಿಂದೆ 40 ಮಂದಿಯ ದೊಡ್ಡ ಪಟ್ಟಿಯಿದೆ. ಆ ಪಟ್ಟಿಯ ಹುಡುಗನನ್ನು ಸಾಮಾನ್ಯವಾಗಿ ಮೂರು ಸೀಸನ್‌ಗಳವರೆಗೆ ಕೆಳಗಿನ ಲೀಗಿಗೆ ಕಳಿಸಿ ಕರೆಸಬಹುದು, ಇದಕ್ಕೆ ಆಪ್ಷನ್ ಅನ್ನುತ್ತಾರೆ. 2022ರಿಂದ ಒಬ್ಬನನ್ನು ಒಂದು ಸೀಸನ್ನಿನಲ್ಲಿ ಐದಕ್ಕಿಂತ ಹೆಚ್ಚು ಸಲ ಹೀಗೆ ಕಳಿಸುವಂತಿಲ್ಲ. ಒಳ್ಳೆಯ ನಿಯಮ. ಪಟ್ಟಿಯಲ್ಲಿ ಅದು ಒಂದು ಸಾಲು, ಆದರೆ ಹುಡುಗನಿಗೆ ಅದು ಬಾಡಿಗೆ ಮನೆ, ಹೆಂಡತಿ, ಕೂಸು, ನಮ್ಮ ತಂಡ ಓಕ್ಲೆಂಡಿನಲ್ಲಿದ್ದಾಗ, ಕೆಳಗಿನ ಲೀಗಿನ ತಂಡವಿದ್ದ ಲಾಸ್ ವೇಗಸ್‌ನಿಂದ ರಾತ್ರೋರಾತ್ರಿ ಓಕ್ಲೆಂಡಿಗೆ ವಿಮಾನ. ಇನ್ನೊಂದು ಲೆಕ್ಕ ಗೊತ್ತಿರಲಿ: ಮೇಲಿನ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷವಾದರೆ ಆಟಗಾರ ಸ್ವತಂತ್ರ. ಕೆಲವು ತಂಡಗಳು ಪ್ರತಿಭಾವಂತ ಹುಡುಗನನ್ನು ಸೀಸನ್ ಆರಂಭದಲ್ಲಿ ಒಂದಿಷ್ಟು ವಾರ ಕೆಳಗೇ ಕೂರಿಸುವುದು ಈ ದಿನಗಳನ್ನು ಎಣಿಸಿಕೊಂಡೇ.

ಪ್ರಶ್ನೆ: ನಿಮ್ಮ ತಂಡ ಓಕ್ಲೆಂಡನ್ನೇ ಬಿಟ್ಟುಹೋಯಿತು. ಎಲ್ಲವನ್ನೂ ಲೆಕ್ಕ ಹಾಕುವ ಈ ಪದ್ಧತಿಯೇ ಅದನ್ನು ಮುಗಿಸಿತು ಎಂದು ನನ್ನ ಅಭಿಪ್ರಾಯ. ಈಗಲೂ ಸ್ಕೋರು ಬರೆಯುತ್ತೀರಾ?
— ಓದುಗರೊಬ್ಬರು, ಸನ್ನಿವೇಲ್

ನಿಮ್ಮ ನೋವು ನನ್ನದೂ ಹೌದು, ಅಭಿಪ್ರಾಯ ಮಾತ್ರ ಒಪ್ಪಲಾರೆ.

ಸ್ಕೋರು ಪುಸ್ತಕದಲ್ಲಿ ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆ. ಪಿಚರ್ 1, ಕ್ಯಾಚರ್ 2, ಒಂದನೇ ಬೇಸಿನವನು 3, ಮೂರನೇ ಬೇಸಿನವನು 5. ಮೂರನೇ ಬೇಸಿನವನು ಚೆಂಡು ಹಿಡಿದು ಒಂದನೇ ಬೇಸಿಗೆ ಎಸೆದು ಔಟ್ ಮಾಡಿದರೆ 5-3 ಎಂದು ಬರೆಯಬೇಕು. ಹಾಸನದ ಮನೆಯಲ್ಲಿ ಅಪ್ಪ ರೇಡಿಯೋ ಕಾಮೆಂಟರಿ ಕೇಳುತ್ತ ಗೆರೆ ಹಾಕಿದ ಪುಸ್ತಕದಲ್ಲಿ ರಣಜಿ ಸ್ಕೋರು ಬರೆಯುತ್ತಿದ್ದರು, ನನ್ನ ಮಗಳಿಗೆ ಈ ಗೀಳು ನನ್ನಿಂದ ಬಂತು. ಮ್ಯಾಟ್ ಚಾಪ್‌ಮನ್ ಮೂರನೇ ಬೇಸಿನಲ್ಲಿ, ಮ್ಯಾಟ್ ಓಲ್ಸನ್ ಒಂದನೇ ಬೇಸಿನಲ್ಲಿ ಇದ್ದ ವರ್ಷಗಳಲ್ಲಿ 5-3 ಎಂದು ನಾವಿಬ್ಬರೂ ಎಷ್ಟು ಸಲ ಬರೆದೆವೋ! ಚಾಪ್‌ಮನ್ ಬೇಲಿಯ ಪಕ್ಕದಿಂದ ಬಾಗಿ ಎಸೆದ ಚೆಂಡನ್ನು ಓಲ್ಸನ್ ಕಾಲು ಚಾಚಿ ನೆಲದಿಂದ ಹೆಕ್ಕಿಕೊಳ್ಳುವುದನ್ನು ನೋಡಲೆಂದೇ ಟಿಕೆಟ್ ಕೊಳ್ಳಬಹುದಿತ್ತು.

2022ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಇಬ್ಬರನ್ನೂ ಕಳಿಸಿಬಿಟ್ಟರು. ಓಲ್ಸನ್ ಅಟ್ಲಾಂಟಾಕ್ಕೆ, ಚಾಪ್‌ಮನ್ ಟೊರಾಂಟೊಕ್ಕೆ. ಅಟ್ಲಾಂಟಾದವರು ಮರುದಿನವೇ ಎಂಟು ವರ್ಷಕ್ಕೆ 16.8 ಕೋಟಿ ಡಾಲರು ಕೊಟ್ಟು ಓಲ್ಸನ್ ಅವರನ್ನು ಉಳಿಸಿಕೊಂಡರು. 2023ರಲ್ಲಿ ಅವರು 54 ಹೋಮ್ ರನ್ (ಬೇಲಿ ದಾಟುವ ಹೊಡೆತ) ಹೊಡೆದರು. ಅದೇ 2023ರಲ್ಲಿ ಓಕ್ಲೆಂಡ್ 112 ಪಂದ್ಯ ಸೋತಿತು. ಅಟ್ಲಾಂಟಾದಲ್ಲೂ ಲೆಕ್ಕ ಹಾಕುವವರು ಇದ್ದಾರೆ ಸ್ವಾಮಿ! ಇಷ್ಟು ದುಡ್ಡಿಗೆ ಎಷ್ಟು ಗೆಲುವು ತರಬಹುದು ಎಂದು ವಿಶ್ಲೇಷಕರನ್ನು ಕೇಳಿದರೆ ಉತ್ತರ ಹೇಳುತ್ತಾರೆ. ಆ 'ಇಷ್ಟು' ಎಷ್ಟು ಎಂದು ತೀರ್ಮಾನಿಸುವವರು ಮಾಲೀಕರು. ನಮ್ಮಲ್ಲಿ ಅದು ವರ್ಷದಿಂದ ವರ್ಷಕ್ಕೆ ಕುಗ್ಗಿತು, ಕುಗ್ಗಿಸಿದ್ದಕ್ಕೆ ಜಾಣ ಲೆಕ್ಕ ಎಂಬ ಹೆಸರು ಕೊಟ್ಟರು. ತಂಡ ಓಕ್ಲೆಂಡ್ ಬಿಟ್ಟ ಮೇಲೆ, 2024ರ ಡಿಸೆಂಬರಿನಲ್ಲಿ, ಪಿಚರ್ ಲೂಯಿಸ್ ಸೆವೆರಿನೊಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರು ಒಪ್ಪಿಕೊಂಡರು. ತಂಡದ ಚರಿತ್ರೆಯಲ್ಲೇ ಅಲ್ಲಿಯವರೆಗಿನ ಅತಿ ದೊಡ್ಡ ಒಪ್ಪಂದ. ಆ ಸುದ್ದಿ ಓದಿ ನಾನು ಅತ್ತೆ.

ಜನ ಬರಲಿಲ್ಲ ಎಂಬ ಮಾತನ್ನೂ ಕೇಳುತ್ತೇನೆ. 2023ರ ಜೂನ್ 13, ಮಂಗಳವಾರ ರಾತ್ರಿ, ಆ ಸೀಸನ್ನಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿದ್ದ ತಂಡವನ್ನು ನೋಡಲು 27,759 ಮಂದಿ ಬಂದೆವು. ತಂಡವನ್ನು ಮಾರಿಬಿಡಿ ಎಂದು ಕೂಗಲೆಂದೇ ಬಂದದ್ದು. ಎದುರಾಳಿ ಅದೇ ಟ್ಯಾಂಪಾ. 2-1ರಲ್ಲಿ ಗೆದ್ದೆವು.

ಸ್ಕೋರು ಬರೆಯುತ್ತೀರಾ ಎಂದಿರಿ. ನನ್ನ ಪುಸ್ತಕ ನಿಂತಿರುವುದು 2024ರ ಸೆಪ್ಟೆಂಬರ್ 26ಕ್ಕೆ, ಕೊಲಿಸಿಯಮ್‌ನ ಕೊನೆಯ ಪಂದ್ಯಕ್ಕೆ. ಟೆಕ್ಸಾಸ್ ಎದುರು 3-2. 46,889 ಜನ. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್, ಮೇಸನ್ ಮಿಲ್ಲರ್ ಎಸೆಯುತ್ತಿದ್ದರು. ನನ್ನ ಕೈ ನಡುಗುತ್ತಿತ್ತು, ಪೆನ್ಸಿಲನ್ನು ಮಗಳಿಗೆ ಕೊಟ್ಟೆ. ಬ್ಯಾಟರ್ ನೆಲಕ್ಕೆ ಹೊಡೆದ ಚೆಂಡು ಮೂರನೇ ಬೇಸಿನ ಕಡೆ ಉರುಳಿತು, ಮ್ಯಾಕ್ಸ್ ಶೂಮನ್ ಹಿಡಿದು ಅಡ್ಡಕ್ಕೆ ಎಸೆದರು, ಟೈಲರ್ ಸೋಡರ್‌ಸ್ಟ್ರಾಮ್ ಕೈಗವಸಿಗೆ ಬಿತ್ತು. ಆ ಕೊನೆಯ ಚೌಕ ಮಗಳ ಅಕ್ಷರದಲ್ಲಿದೆ: 5-3.