ರೊಟ್ಟಿ ಅಗಿಯುವಾಗ ರೆಪ್ಪೆ ಏಕೆ ಮೇಲೇರುತ್ತದೆ?

ಪ್ರಶ್ನೆ: ನಮ್ಮ ಎರಡು ವರ್ಷದ ಮೊಮ್ಮಗಳ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದಲೂ ಕೊಂಚ ಇಳಿಬಿದ್ದಿದೆ. ರೊಟ್ಟಿ ಅಗಿಯುವಾಗ ಮಾತ್ರ ಅದು ಥಟ್ಟನೆ ಮೇಲೇರಿ ಮತ್ತೆ ಇಳಿಯುತ್ತದೆ. ಚೇಷ್ಟೆಯೆಂದು ಮನೆಯಲ್ಲಿ ಗದರಿಸುತ್ತಾರೆ. ದವಡೆಗೂ ಕಣ್ಣಿಗೂ ಏನು ಸಂಬಂಧ?
— ಓದುಗರೊಬ್ಬರು, ಗದಗ

ಉತ್ತರ: ದಯವಿಟ್ಟು ಮಗುವನ್ನು ಗದರಿಸಬೇಡಿ, ಅದು ಬೇಕೆಂದು ಮಾಡುತ್ತಿರುವುದಲ್ಲ. ನೀವು ವಿವರಿಸಿದ ಲಕ್ಷಣ, 1883ರಲ್ಲಿ ಮಾರ್ಕಸ್ ಗನ್ ಎಂಬ ನೇತ್ರವೈದ್ಯರು ಹದಿನೈದು ವರ್ಷದ ಹುಡುಗಿಯೊಬ್ಬಳಲ್ಲಿ ಗುರುತಿಸಿ ದಾಖಲಿಸಿದ ಸ್ಥಿತಿಯನ್ನು ಹೋಲುತ್ತದೆ.

ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಮೂರನೆಯದು ರೆಪ್ಪೆಯನ್ನು ಎತ್ತುವ ಸ್ನಾಯುವಿಗೂ, ನಾಲ್ಕನೆಯ ಮತ್ತು ಆರನೆಯ ನರಗಳೊಡನೆ ಕಣ್ಣುಗುಡ್ಡೆಯನ್ನು ಹೊರಳಿಸುವ ಆರು ಸ್ನಾಯುಗಳಿಗೂ ಅಪ್ಪಣೆ ಒಯ್ಯುತ್ತದೆ. ಅಗಿಯುವ ಸ್ನಾಯುಗಳು ಐದನೆಯ ನರದ ಪಾಲಿನವು. ಸಾಮಾನ್ಯವಾಗಿ ಇವೆರಡರ ಹಾದಿ ಬೇರೆ ಬೇರೆ. ಆದರೆ ಕೆಲವರಲ್ಲಿ ಗರ್ಭದಲ್ಲಿ ನರಗಳು ಬೆಳೆಯುವಾಗಲೇ, ದವಡೆಯನ್ನು ಪಕ್ಕಕ್ಕೆ ಸರಿಸುವ ಟೆರಿಗಾಯ್ಡ್ ಸ್ನಾಯುವಿಗೆ ಹೋಗಬೇಕಾದ ಐದನೆಯ ನರದ ಕೆಲವು ಎಳೆಗಳು ದಾರಿ ತಪ್ಪಿ ರೆಪ್ಪೆಯ ಸ್ನಾಯುವನ್ನು ಸೇರಿಬಿಡುತ್ತವೆ. ಆದ್ದರಿಂದಲೇ ಮಗು ಬಾಯಿ ತೆರೆದಾಗ ಅಥವಾ ದವಡೆಯನ್ನು ಬಲಕ್ಕೆ ಸರಿಸಿದಾಗ ಎಡರೆಪ್ಪೆ ಮೇಲೇಳುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಮೊದಲು ಕಾಣುವವಳು ಹಾಲೂಡಿಸುವ ತಾಯಿ.

ರೆಪ್ಪೆಯ ಕುಣಿತಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಕಣ್ಣಿನ ದೃಷ್ಟಿ. ಇಂಥ ಮಕ್ಕಳಲ್ಲಿ ಕೆಲವರಿಗೆ ಕಣ್ಣನ್ನು ಮೇಲಕ್ಕೆ ತಿರುಗಿಸುವ ಸ್ನಾಯುವೂ ದುರ್ಬಲವಾಗಿರುತ್ತದೆ, ಮೆಳ್ಳಗಣ್ಣೂ ಇರಬಹುದು. ಜೋತ ರೆಪ್ಪೆ ಪಾಪೆಯನ್ನು ಮುಚ್ಚಿದರೆ ಅಥವಾ ಎರಡೂ ಕಣ್ಣುಗಳ ಪವರ್ ಒಂದೇ ಆಗಿರದಿದ್ದರೆ, ಮಿದುಳು ಆ ಕಣ್ಣಿನ ಚಿತ್ರವನ್ನು ಕಡೆಗಣಿಸತೊಡಗಿ ದೃಷ್ಟಿ ಮಂದವಾಗುತ್ತದೆ. ಇದನ್ನು ಕನ್ನಡಕದಿಂದಲೋ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟುವುದರಿಂದಲೋ ಎಳವೆಯಲ್ಲೇ ಸರಿಪಡಿಸಬೇಕು, ಏಕೆಂದರೆ ಏಳೆಂಟು ವರ್ಷ ದಾಟಿದ ಮೇಲೆ ಚಿಕಿತ್ಸೆಯ ಫಲ ಕಡಿಮೆ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಾಗುವುದಿಲ್ಲ.

ಆದ್ದರಿಂದ ಶಾಲೆಗೆ ಸೇರುವವರೆಗೆ ಕಾಯದೆ, ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಮಕ್ಕಳ ಕಣ್ಣನ್ನು ನೋಡುವ ತಜ್ಞರಲ್ಲಿ ಈಗಲೇ ಪರೀಕ್ಷೆ ಮಾಡಿಸಿ. ಹೊಸ ಜಾಗದಲ್ಲಿ ಮಗು ಹೆದರಿ ಬಾಯಿ ಬಿಗಿಹಿಡಿಯಬಹುದು. ಹೋಗುವ ಮುನ್ನ ಅದು ರೊಟ್ಟಿ ಅಗಿಯುವಾಗ ಮುಖ ಸ್ಪಷ್ಟವಾಗಿ ಕಾಣುವಂತೆ ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.