ಮುಳ್ಳು ಕುಣಿದರೆ ಮೊದಲು ಅರ್ತ್ ನೋಡಿ

ಪ್ರಶ್ನೆ: ನನ್ನದು ಹಳೆಯ ಅಂಬಾಸಿಡರ್. ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದರೂ ಪೆಟ್ರೋಲ್ ಮೀಟರಿನ ಮುಳ್ಳು ಒಮ್ಮೆ ಅರ್ಧಕ್ಕೆ ಬರುತ್ತದೆ, ಒಮ್ಮೆ ಖಾಲಿಗೆ ಇಳಿಯುತ್ತದೆ. ರಾತ್ರಿ ಓಡಿಸುವಾಗ ಇನ್ನೂ ಹೆಚ್ಚು. ಟ್ಯಾಂಕಿನೊಳಗೆ ಕೂತು ಪೆಟ್ರೋಲ್ ಎಷ್ಟಿದೆ ಎಂದು ಮೀಟರಿಗೆ ತಿಳಿಸುವ ಟ್ಯಾಂಕ್ ಯುನಿಟ್ ಎರಡು ಸಲ ಬದಲಿಸಿದ್ದಾಯಿತು. ಈಗ ಮೀಟರನ್ನೇ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇ? (ಬದಿಯಡ್ಕದ ಓದುಗರು)

ಬೇಡ. ‘ರಾತ್ರಿ ಹೆಚ್ಚು’ ಎಂದು ನೀವೇ ಬರೆದಿದ್ದೀರಿ. ಆ ಮಾತು ಕೇಳಿದ ಮೇಲೂ ಎರಡೆರಡು ಯುನಿಟ್ ಹಾಕಿದವರ ಕೈಗೆ ಗಾಡಿ ಕೊಡಬೇಡಿ. ಲೈಟ್ ಹಾಕಿದಾಗ ಮುಳ್ಳು ಇಳಿದರೆ ಮೊದಲ ಗುಮಾನಿ ಗಾಡಿಯ ಹಿಂಭಾಗದ ಅರ್ತ್, ಎಂದರೆ ಕರೆಂಟ್ ಮರಳುವ ದಾರಿಯ ಮೇಲೆ. ಟೈಲ್ ಲ್ಯಾಂಪ್, ಇಂಡಿಕೇಟರ್, ಟ್ಯಾಂಕ್ ಯುನಿಟ್ ಎಲ್ಲದರ ಕರೆಂಟೂ ಡಿಕ್ಕಿಯ ತಗಡಿನ ಮೂಲಕವೇ ಬ್ಯಾಟರಿಗೆ ಮರಳಬೇಕು. ಆ ದಾರಿ ತುಕ್ಕು ಹಿಡಿದರೆ ಟ್ಯಾಂಕ್ ಯುನಿಟ್‌ನ ರೆಸಿಸ್ಟೆನ್ಸ್‌ಗೆ ಇನ್ನಷ್ಟು ಸೇರಿದಂತಾಗಿ ಮೀಟರ್ ‘ಪೆಟ್ರೋಲ್ ಕಡಿಮೆ’ ಎಂದು ತೋರಿಸುತ್ತದೆ. ನಮ್ಮ ಕಡೆಯ ಉಪ್ಪು ಗಾಳಿಗೂ ನಾಲ್ಕು ತಿಂಗಳ ಮಳೆಗೂ ಅರ್ತ್ ಬೋಲ್ಟಿನಡಿ ಕಿಲುಬು ಕಟ್ಟುವುದು ಸಹಜ. ಹೊಸದಾಗಿ ಪೇಂಟ್ ಹೊಡೆಸಿದ ಗಾಡಿಯಲ್ಲಿ ಇದು ಇನ್ನೂ ಜಾಸ್ತಿ, ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಬಳಿದಿರುತ್ತಾರೆ.

ಪರೀಕ್ಷೆ ಹೀಗೆ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಅರ್ತ್ ಟರ್ಮಿನಲ್ ಮೇಲೆ, ಇನ್ನೊಂದು ಟ್ಯಾಂಕ್ ಯುನಿಟ್‌ನ ಮುಚ್ಚಳದ ಲೋಹದ ಮೇಲೆ. ಹೆಡ್‌ಲೈಟ್, ಇಂಡಿಕೇಟರ್ ಹಾಕಿ. 0.1 ವೋಲ್ಟ್‌ಗಿಂತ ಹೆಚ್ಚು ಬಂದರೆ, ಅದೂ ಇಂಡಿಕೇಟರ್ ಮಿನುಗಿದಂತೆ ಏರಿಳಿದರೆ, ಕಳ್ಳ ಸಿಕ್ಕಿದ. ಖಾತ್ರಿಗೆ ಒಂದು ಉದ್ದದ ವಯರಿನಲ್ಲಿ ಮುಚ್ಚಳವನ್ನು ಬ್ಯಾಟರಿ ಅರ್ತ್‌ಗೆ ನೇರ ಸೇರಿಸಿ ನೋಡಿ. ಟ್ಯಾಂಕ್ ಕಡೆ ಮೊದಲು, ಬ್ಯಾಟರಿ ಕಡೆ ಕೊನೆಗೆ. ಬಿಚ್ಚುವಾಗ ಇದರ ತಿರುವುಮುರುವು. ಕಿಡಿ ಹಾರಿದರೂ ಪೆಟ್ರೋಲಿನಿಂದ ದೂರ ಹಾರಬೇಕು. ಮುಳ್ಳು ನಿಂತಿತೆಂದರೆ ರಿಪೇರಿಗೆ ದುಡ್ಡೇ ಬೇಡ: ಬೋಲ್ಟ್ ಬಿಚ್ಚಿ ತಗಡು ಹೊಳೆಯುವವರೆಗೆ ಕೆರೆಯಿರಿ, ಹೊಸ ರಿಂಗ್ ಲಗ್ ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಮೇಲಿನಿಂದ ಗ್ರೀಸ್ ಸವರಿ. ಮೊದಲೇ ಗ್ರೀಸ್ ಮೆತ್ತಿ ಬಿಗಿ ಮಾಡಬೇಡಿ.

ಇಷ್ಟಾದರೂ ಕುಣಿದರೆ ಕೀ ಆನ್ ಮಾಡಿ ಮುಳ್ಳನ್ನು ಗಮನಿಸಿ. ತಟ್ಟನೆ ಎದ್ದರೆ ಅಯಸ್ಕಾಂತದ ಸೆಳೆತದಿಂದ ನಡೆಯುವ ಕಾಯಿಲ್ ಮೀಟರ್. ಹಲವು ಸೆಕೆಂಡ್ ತೆಗೆದುಕೊಂಡು ಮೆಲ್ಲಗೆ ಎದ್ದರೆ ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿಯಿಂದ ನಡೆಯುವ ಬೈಮೆಟಲ್ ಮೀಟರ್. ಅದಕ್ಕೆ ಡ್ಯಾಶ್‌ಬೋರ್ಡಿನ ಹಿಂದೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ 10 ವೋಲ್ಟ್ ಸ್ಟೆಬಿಲೈಸರ್ ಇರುತ್ತದೆ. ಟೆಂಪರೇಚರ್ ಮುಳ್ಳೂ ಇದೇ ಬಗೆಯದಾಗಿದ್ದು ಎರಡೂ ಜೊತೆಯಾಗಿ ಏರಿಳಿದರೆ ತಪ್ಪು ಸ್ಟೆಬಿಲೈಸರ್‌ದು, ಇಲ್ಲವೇ ಅದರ ಅರ್ತ್‌ದು. ಹಳೆಯ ಸ್ಟೆಬಿಲೈಸರ್ ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟ್ ಮಾಡುತ್ತದೆ. ಡಿಜಿಟಲ್ ಮೀಟರಿನಲ್ಲಿ 0, 12, 0 ಎಂದು ಹಾರುವುದು ಅದರ ಗುಣ; ಅದನ್ನು ನೋಡಿ ‘ಕೆಟ್ಟಿದೆ’ ಎಂದು ಕಿತ್ತೆಸೆಯಬೇಡಿ. ನಿಜಕ್ಕೂ ಕೆಟ್ಟಿದ್ದರೆ ಅದೇ 10 ವೋಲ್ಟ್ ಕೊಡುವ 7810 ಐಸಿ ಸಾಕು. ಪಾಸಿಟಿವ್ ಅರ್ತ್ ಗಾಡಿಗೆ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದ್ದಕ್ಕೆ) ಅದು ಆಗದು, 7910 ಬೇಕು.

ಟೆಂಪರೇಚರ್ ಮುಳ್ಳು ನೆಟ್ಟಗಿದ್ದು ಪೆಟ್ರೋಲಿನದು ಮಾತ್ರ ಹಾರಿದರೆ ಮಾತ್ರ ಟ್ಯಾಂಕ್ ಯುನಿಟ್‌ಗೆ ಕೈಹಾಕಿ. ಬಯಲಿನಲ್ಲಿ, ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿಳಿಸಿ. ಯುನಿಟ್ಟನ್ನು ಟ್ಯಾಂಕಿಗೆ ಬಿಗಿಹಿಡಿದ ಲಾಕ್ ರಿಂಗ್ ಇದ್ದರೆ ಮರದ ಅಥವಾ ಹಿತ್ತಾಳೆಯ ತುಂಡಿನಿಂದ ತಟ್ಟಿ, ಉಳಿ ಸುತ್ತಿಗೆಯಿಂದಲ್ಲ. ವಯರಿನ ಬಲ್ಬ್ ಹಿಡಿದುಕೊಂಡು ಟ್ಯಾಂಕಿನೊಳಗೆ ಇಣುಕುವವರನ್ನು ಗಾಡಿಯ ಹತ್ತಿರವೂ ಬಿಡಬೇಡಿ.

ಹೊರತೆಗೆದ ಯುನಿಟ್‌ನ ಡಬ್ಬಿಯೊಳಗೆ ಕೂದಲಿನಷ್ಟು ತೆಳ್ಳಗಿನ ತಂತಿ ಒಂದು ಪಟ್ಟಿಗೆ ಒತ್ತೊತ್ತಾಗಿ ಸುತ್ತಿಕೊಂಡಿದೆ. ಅದರ ಅಂಚನ್ನು ಸವರುತ್ತಾ ಒಂದು ಪುಟ್ಟ ಹಿತ್ತಾಳೆಯ ನಾಲಗೆ ಓಡಾಡುತ್ತದೆ. ಸದಾ ಅರ್ಧ ಟ್ಯಾಂಕಿನಲ್ಲೇ ಓಡುವ ಗಾಡಿಯಲ್ಲಿ ತಂತಿ ಸವೆಯುವುದೂ ಅಲ್ಲಿಯೇ. ಮುಳ್ಳಿನ ಮಲ್ಟಿಮೀಟರ್ ಸಿಕ್ಕಿಸಿ ಫ್ಲೋಟಿನ (ಪೆಟ್ರೋಲಿನ ಮೇಲೆ ತೇಲುವ ಬುರುಡೆಯ) ಕೈಯನ್ನು ಮೆಲ್ಲಗೆ ಎತ್ತಿ; ಡಿಜಿಟಲ್ ಮೀಟರಿಗೆ ಕ್ಷಣದ ಕಡಿತ ಕಾಣದು. ಬೈಮೆಟಲ್ ಮೀಟರಿಗೆ ಜೊತೆಯಾದ ಬ್ರಿಟಿಷ್ ಮಾದರಿಯ ಯುನಿಟ್ ಖಾಲಿಯಲ್ಲಿ ಸುಮಾರು 240 ಓಮ್, ತುಂಬಿದಾಗ 20ರಿಂದ 30 ಓಮ್ ತೋರಬೇಕು. ಬೇರೆ ಮಾದರಿಗೆ ಲೆಕ್ಕ ಬೇರೆ. ಅಂಕಿಗಿಂತ ಮುಖ್ಯ, ನಡುವೆ ಎಲ್ಲಿಯೂ ಮುಳ್ಳು ಹಾರಬಾರದು. ಹಾರಿದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕೈಯನ್ನು ಇಪ್ಪತ್ತು ಸಲ ಆಡಿಸಿ, ನಾಲಗೆಯನ್ನು ಒಂದಿಷ್ಟೇ ಬಾಗಿಸಿ ಒತ್ತಡ ಕೊಡಿ. ಎಮರಿ ಪೇಪರ್ ಖಂಡಿತ ಬೇಡ, ಎರಡು ಉಜ್ಜಿಗೆ ತಂತಿ ತುಂಡು. ತುಂಡಾದ ತಂತಿ ಕೂಡಿಸಲು ಬರುವುದಿಲ್ಲ. ಯುನಿಟ್ ಬದಲಿಸುವ ಮಾತು ಆಗ ಮಾತ್ರ. ಮರಳಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಕಿತ್ತು ಬರುತ್ತದೆ.

ಪ್ರಶ್ನೆ: ಮೀಟರಿಗೆ ಕೆಪಾಸಿಟರ್ ಬೆಸೆದರೆ ಮುಳ್ಳು ನಿಲ್ಲುತ್ತದಂತೆ? (ಉಪ್ಪಳ)

ದೋಷ ಹಾಗೇ ಉಳಿಯುತ್ತದೆ, ನಿಮಗೆ ಕಾಣಿಸದೆ ಹೋಗುತ್ತದೆ ಅಷ್ಟೆ. ಹೀಗೆ ಬೆಸೆಯುವವರು ರಿಪೇರಿಯವರಲ್ಲ.

ಪ್ರಶ್ನೆ: ಘಟ್ಟದ ತಿರುವಿನಲ್ಲಿ ಮಾತ್ರ ಮುಳ್ಳು ತೂಗುತ್ತದೆ. (ಮುಳ್ಳೇರಿಯ)

ಟ್ಯಾಂಕಿನಲ್ಲಿ ಪೆಟ್ರೋಲ್ ತೂಗುತ್ತಿದೆ. ಏನನ್ನೂ ಬಿಚ್ಚಬೇಡಿ.

ಪ್ರಶ್ನೆ: ಪದ್ಮಿನಿಗೆ ಮಾರುತಿ 800ರ ಯುನಿಟ್ ಹಾಕಬಹುದೇ? (ಕುಂಬಳೆ)

ಇಲ್ಲ. ರೆಸಿಸ್ಟೆನ್ಸೂ ಬೇರೆ, ಟ್ಯಾಂಕಿನ ಆಳವೂ ಬೇರೆ.

ಪ್ರಶ್ನೆ: ಕಾರ್ಕ್ ಫ್ಲೋಟ್ ಇರುವ ಹಳೆಯ ಗಾಡಿ. ಇತ್ತೀಚೆಗೆ ಟ್ಯಾಂಕ್ ತುಂಬಿಸಿದರೂ ಮುಳ್ಳು ಪೂರ್ತಿ ಏಳುವುದಿಲ್ಲ. (ಪೆರ್ಲ)

ಕಾರ್ಕಿಗೆ ಅರಗಿನ ವಾರ್ನಿಶ್ ಬಳಿದಿದ್ದರೆ ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಅದನ್ನು ಕರಗಿಸುತ್ತದೆ. ಬೋಳಾದ ಕಾರ್ಕ್ ಪೆಟ್ರೋಲ್ ಹೀರಿ ತಗ್ಗುತ್ತದೆ. ಮತ್ತೆ ಅದೇ ವಾರ್ನಿಶ್ ಬಳಿಸಬೇಡಿ, ಎಥನಾಲ್ ತಾಳುವ ಫ್ಲೋಟ್ ಹಾಕಿಸಿ. ಹಿತ್ತಾಳೆಯ ಫ್ಲೋಟ್ ಇರುವವರು ಅದನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿ. ಒಳಗೆ ಗುಳುಗುಳು ಎಂದರೆ ತೂತಾಗಿದೆ. ಅದಕ್ಕೆ ಬೆಸುಗೆ ಹಾಕಲು ಹೊರಡಬೇಡಿ, ಒಳಗಿರುವುದು ಪೆಟ್ರೋಲ್. ಹೊಸದು ತನ್ನಿ.