ಡಮಾಸ್ಕಸ್ ಚಾಕುವಿನ ಗೆರೆ ನಿಜವೋ, ಬರೀ ಅಚ್ಚೋ?

ಗೆರೆಗಳಿರುವ ಡಮಾಸ್ಕಸ್ ಚಾಕು ಜಾಸ್ತಿ ಹರಿತವೇ, ಗೆರೆ ಅಸಲಿ ಅಂತ ಹೇಗೆ ತಿಳಿಯುವುದು ಅಂತ ಕೇಳಿದ್ದೀರಿ. ಗೆರೆಯಿಂದ ಹರಿತ ಬರುವುದಿಲ್ಲ. ಅಂಚಿನ ಉಕ್ಕು, ಅದನ್ನು ಕಾಯಿಸಿ ಹದ ಮಾಡಿದ ರೀತಿ, ಸಾಣೆ, ಇಷ್ಟೇ ಮುಖ್ಯ.

ಆದರೂ ಆ ಗೆರೆಯ ಚೆಂದವೇ ಬೇರೆ! ಕಮ್ಮಾರರು ಹೆಚ್ಚಾಗಿ 1095 ಮತ್ತು 15ಎನ್20 ಅನ್ನುವ ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಕಾಯಿಸಿ, ಬಡಿದು ಬೆಸೆಯುತ್ತಾರೆ. ಕೊನೆಗೆ ಫೆರಿಕ್ ಕ್ಲೋರೈಡ್ ಅನ್ನುವ, ಉಕ್ಕಿನ ಮೇಲ್ಮೈಯನ್ನು ತಿನ್ನುವ ದ್ರಾವಣದಲ್ಲಿ ಅದ್ದುತ್ತಾರೆ. 1095 ಕಪ್ಪಾಗುತ್ತದೆ. 15ಎನ್20ರಲ್ಲಿ ಸುಮಾರು ಶೇ. 2ರಷ್ಟು ನಿಕ್ಕಲ್ ಇರುವುದರಿಂದ ಅದು ಬೆಳ್ಳಗೇ ಉಳಿಯುತ್ತದೆ. ನಡುವೆ ತಿರುಚಿದರೆ ಒಂದು ವಿನ್ಯಾಸ, ಕೊರೆದು ಬಡಿದರೆ ಇನ್ನೊಂದು. ಒಬ್ಬರೇ ಮಾಡಿದ ಎರಡು ಚಾಕುಗಳೂ ಒಂದೇ ಥರ ಇರುವುದಿಲ್ಲ. ನನಗಂತೂ ದುಡ್ಡು ಕೊಡುವುದು ಅದಕ್ಕೇ ಅನಿಸುತ್ತದೆ.

ಕೊಳ್ಳುವಾಗ ಚಾಕುವಿನ ಬೆನ್ನು ನೋಡಿ. ಗೆರೆ ಅಲ್ಲಿಗೂ ಮುಂದುವರಿದಿದೆಯೇ? ಬೆನ್ನಿಗೆ ಪಾಲಿಶ್ ಹಾಕಿದ್ದರೆ ಕಾಣದೇ ಇರಬಹುದು. ಆಗ ಮಾರುವವರನ್ನೇ ಕೇಳಿ: ಒಂದು ಚೂರು ಜಾಗ ಉಜ್ಜಿ ಮತ್ತೆ ಅದ್ದಿ ತೋರಿಸ್ತೀರಾ? ಅಸಲಿಯಾದರೆ ಗೆರೆ ವಾಪಸ್ ಬರುತ್ತದೆ, ಲೇಸರ್ ಅಚ್ಚಾದರೆ ಇಲ್ಲ.

ಈ ಎರಡೂ ಉಕ್ಕು ತುಕ್ಕು ಹಿಡಿಯುತ್ತವೆ. ನಿಂಬೆ, ಟೊಮೆಟೊ ಹೆಚ್ಚಿದ ಕೂಡಲೇ ತೊಳೆದು ಒರೆಸಿಡಿ.